ಬಲಗೈಯ ಸೌಟು

ತೀರ್ಥಹಳ್ಳಿಯ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಸರಸ್ವತಮ್ಮನ ಮೆಸ್ ಎಲ್ಲಿ ಅಂತ ಕೇಳಿದರೆ ಚಿಕ್ಕ ಮಕ್ಕಳೂ ತೋರಿಸುತ್ತಾರೆ. ಬೋರ್ಡು ಇಲ್ಲ. ಮೂವತ್ತೊಂದು ವರ್ಷದಲ್ಲಿ ಬೋರ್ಡು ಬೇಕು ಅಂತ ಯಾರಿಗೂ ಅನ್ನಿಸಿರಲಿಲ್ಲ. ಮನೆಯ ಮುಂದಿನ ಉದ್ದನೆಯ ಹಾಲಿನಲ್ಲಿ ಬೆಂಚು, ಬೆಂಚಿನ ಮುಂದೆ ಡೆಸ್ಕು, ಡೆಸ್ಕಿನ ಮೇಲೆ ಹದಿನೈದು ಬಾಳೆ ಎಲೆ. ಹನ್ನೆರಡೂವರೆಗೆ ಮೊದಲನೇ ಪಂಕ್ತಿ, ಒಂದೂಕಾಲಿಗೆ ಎರಡನೆಯದು. ಬ್ಯಾಂಕಿನವರು, ಕಾಲೇಜಿನ ಮೇಷ್ಟ್ರುಗಳು, ರೂಮು ಮಾಡಿಕೊಂಡು ಓದುವ ಹುಡುಗರು, ಕೋರ್ಟಿಗೆ ಬಂದು ಹಸಿದವರು, ಎಲ್ಲರಿಗೂ ಅಲ್ಲೇ ಊಟ. ಅಡಿಗೆಗೆ ಯಾರು ಬೇಕಾದರೂ ಕೈ ಹಾಕಬಹುದಿತ್ತು. ಬಡಿಸುವವಳು ಮಾತ್ರ ಸರಸ್ವತಮ್ಮ ಒಬ್ಬಳೇ.

ಬೇಕಾ ಅಂತ ಅವಳು ಯಾರನ್ನೂ ಕೇಳಿದವಳಲ್ಲ. ಎಲೆ ನೋಡುತ್ತಿದ್ದಳು, ಮುಖ ನೋಡುತ್ತಿದ್ದಳು, ಹಾಕುತ್ತಿದ್ದಳು. ಬಸ್ ಏಜೆಂಟ್ ಹೂವಯ್ಯ ಒಂದು ಗಂಟೆಯ ಬಸ್ಸು ಬಿಡಿಸಬೇಕಾದವನು, ಅವನಿಗೆ ಅನ್ನದ ಜೊತೆಗೇ ಸಾರು, ಸಾರಿನ ಹಿಂದೆಯೇ ಮಜ್ಜಿಗೆ. ತಲೆ ತಗ್ಗಿಸಿ ಅನ್ನದಲ್ಲಿ ಗೆರೆ ಎಳೆಯುತ್ತ ಕೂತ ಹುಡುಗನಿಗೆ ಒಂದು ಚಮಚ ತುಪ್ಪ ಹೆಚ್ಚು. ಪರೀಕ್ಷೆ ಏನಾಯಿತು ಅಂತ ವಿಚಾರಿಸುತ್ತಿರಲಿಲ್ಲ. ಸಾಕು ಅಂತ ಎಲೆಗೆ ಕೈ ಅಡ್ಡ ಹಿಡಿದರೆ ಆ ಕೈಯನ್ನು ಅವಳು ನಂಬುತ್ತಿರಲಿಲ್ಲ. ತಂಬುಳಿಯಾದರೆ ಅಡ್ಡ ಹಿಡಿದ ಕೈಯ ಮೇಲೇ ಸುರಿದುಬಿಡುತ್ತಿದ್ದಳು. ಅದು ಬೆರಳ ಸಂದಿಯಿಂದ ಇಳಿದು ಅನ್ನ ಸೇರುತ್ತಿತ್ತು, ಉಣ್ಣುವವರು ನಗುತ್ತ ಕಲಸಿಕೊಳ್ಳುತ್ತಿದ್ದರು. ಬಿಸಿ ಸಾರನ್ನು ಮಾತ್ರ ಹಾಗೆ ಸುರಿಯುತ್ತಿರಲಿಲ್ಲ, ಅಷ್ಟು ಕರುಣೆ ಇತ್ತು ಪುಣ್ಯಾತ್ಗಿತ್ತಿಗೆ.

ಆ ಸೌಟು ಅವಳ ಕೈ ಬಿಟ್ಟು ಹದಿನಾಲ್ಕು ತಿಂಗಳಾಗಿತ್ತು. ಒಂದು ಬೆಳಿಗ್ಗೆ ಕಾಯಿ ತುರಿಯುತ್ತ ಕೂತವಳು ಹಾಗೇ ಬಲಕ್ಕೆ ವಾಲಿದಳು. ಲಕ್ವ. ಮಣಿಪಾಲಕ್ಕೆ ಕರೆದೊಯ್ದು, ಮೂರು ವಾರ ಇದ್ದು ಬಂದ ಮೇಲೆ ಕಾಲು ಎಳೆದುಕೊಂಡು ನಡೆಯುವಷ್ಟಾಯಿತು. ಬಲಭುಜ ಒಂದಿಷ್ಟು ಆಡುತ್ತದೆ, ಬೆರಳುಗಳು ಮುಚ್ಚುವುದಿಲ್ಲ. ಮಾತು ಬಂತು, ಆದರೆ ಒಂದು ಪದಕ್ಕೂ ಇನ್ನೊಂದು ಪದಕ್ಕೂ ನಡುವೆ ಒಬ್ಬರು ಹೋಗಿ ನೀರು ಕುಡಿದು ಬರುವಷ್ಟು ಹೊತ್ತು. ಅಷ್ಟು ಕಾಯುವ ವ್ಯವಧಾನ ಆ ಮನೆಯಲ್ಲಿ ಯಾರಿಗಿದೆ? ಹುಳಿಗೆ ಉಪ್ಪು ಸಾಲದು ಅಂತ ಹೇಳಲು ಅವಳು ಬಾಯಿ ತೆರೆದರೆ ಸೊಸೆ ಸ್ವಪ್ನಾ ಬಚ್ಚಲಿಗೆ ಕರೆದೊಯ್ಯಲು ಓಡಿ ಬರುತ್ತಿದ್ದಳು. ಮಗ ಗೌರೀಶ ಫ್ಯಾನು ಜೋರು ಮಾಡುತ್ತಿದ್ದ. ಪ್ರೀತಿಯಿಂದಲೇ ಮಾಡುತ್ತಿದ್ದರು, ಅದಕ್ಕೇ ಅವಳಿಗೆ ಸಿಟ್ಟು ಮಾಡಲೂ ಆಗುತ್ತಿರಲಿಲ್ಲ.

ಈಗ ಅವಳ ಜಾಗ ಅಡಿಗೆಮನೆಯ ಬಾಗಿಲ ಪಕ್ಕದ ಕುರ್ಚಿ. ಅಲ್ಲಿಂದ ಹದಿನೈದೂ ಎಲೆ ಕಾಣುತ್ತವೆ. ಸ್ವಪ್ನಾ ಒಳಗೆ ಒಗ್ಗರಣೆ ಹಾಕಿ, ಹೊರಗೆ ಬಂದು ಬಡಿಸಿ, ಮತ್ತೆ ಒಳಗೆ ಓಡುವಾಗ ಯಾರ ಎಲೆಯಲ್ಲಿ ಏನು ಮುಗಿದಿದೆ ಅನ್ನುವುದು ಸರಸ್ವತಮ್ಮನಿಗೆ ಕಾಣುತ್ತದೆ, ಸೊಸೆಗೆ ಕಾಣುವುದಿಲ್ಲ. ಕಂಡದ್ದನ್ನು ಹೇಳುವಷ್ಟರಲ್ಲಿ ಹೂವಯ್ಯ ಎಲೆ ಮಡಿಸಿ ಎದ್ದಿರುತ್ತಾನೆ. ಅವಳ ಆಸೆ ದೊಡ್ಡದೇನಲ್ಲ. ಇನ್ನೊಂದು ಸಲ, ಒಂದೇ ಒಂದು ಸಲವಾದರೂ ಸೈ, ಆ ಸಾಲಿನ ಈ ತುದಿಯಿಂದ ಆ ತುದಿಗೆ ಬಡಿಸಿಕೊಂಡು ಹೋಗಬೇಕು. ರಾತ್ರಿ ಮಲಗುವಾಗ ಅದೇ ಯೋಚನೆ, ಬೆಳಿಗ್ಗೆ ಏಳುವಾಗಲೂ ಅದೇ. ಎಡಗೈ ಗಟ್ಟಿಯಾಗಿಯೇ ಇತ್ತು. ಆದರೆ ಎಡಗೈಯಲ್ಲಿ ಯಾರಾದರೂ ಅನ್ನ ಹಾಕುತ್ತಾರೆಯೇ? ತಾನು ಉಣ್ಣುವುದನ್ನೂ ಅವಳು ಎಲ್ಲರದಾದ ಮೇಲೆ, ಒಳಕೋಣೆಯಲ್ಲಿ ಗೋಡೆಯ ಕಡೆ ತಿರುಗಿ ಕೂತು, ಸ್ವಪ್ನಾ ಮಾಡಿಟ್ಟ ಅನ್ನದ ಉಂಡೆಗಳನ್ನು ಎಡಗೈಯಿಂದ ಬಾಯಿಗಿಟ್ಟುಕೊಂಡು ಮುಗಿಸುತ್ತಿದ್ದಳು.

ಗಣಪತಿ ಹಬ್ಬ ಕಳೆದ ವಾರ ಗೌರೀಶ ಶಿವಮೊಗ್ಗಕ್ಕೆ ಹೋಗಿ ಬಂದ. ಬಂದವನೇ ಅಡಿಗೆಮನೆಯಲ್ಲಿ ನಿಂತುಕೊಂಡು ಮೊಬೈಲಿನಲ್ಲಿ ಫೋಟೋ ತೋರಿಸಿದ. ಉದ್ದನೆಯ ಸ್ಟೀಲಿನ ಕೌಂಟರು, ಅದರಲ್ಲಿ ಆರು ಗುಂಡಿ, ಗುಂಡಿಗೊಂದು ಪಾತ್ರೆ.

"ಕೆಳಗಡೆ ಬಿಸಿ ನೀರು ಇರುತ್ತೆ. ಆರಲ್ಲ. ತಟ್ಟೆ ಹಿಡ್ಕಂಡು ಬಂದು ಅವರವರಿಗೆ ಬೇಕಾದ್ದು ಅವರವರೇ ಹಾಕ್ಕಳ್ತಾರೆ," ಅಂದ. "ಎಲೆ ಹಾಸದು, ತೆಗೆಯದು, ಬಡ್ಸದು, ಯಾವ್ದೂ ಇಲ್ಲ."

"ಇವತ್ತೇ ತಂದ್ಬಿಡಿ," ಅಂದಳು ಸ್ವಪ್ನಾ. "ನನ್ನ ಸೊಂಟ ಬಿದ್ದುಹೋಗಿದೆ. ಬೇಯಿಸದಾ, ಬಡ್ಸದಾ? ನಂಗೆ ನಾಲ್ಕು ಕೈ ಇದಾವಾ?"

ಅವಳ ಮಾತಿನಲ್ಲಿ ಸುಳ್ಳೇನಿರಲಿಲ್ಲ. ಬಡಿಸಲು ಜನ ಇಟ್ಟು ನೋಡಿದ್ದೂ ಆಗಿತ್ತು. ಒಬ್ಬಳು ಎರಡು ತಿಂಗಳಿಗೆ ಬಿಟ್ಟಳು, ಇನ್ನೊಬ್ಬ ನಾಲ್ಕು ದಿನಕ್ಕೆ. ದೀಪಾವಳಿ ಕಳೆದ ಸೋಮವಾರ ಕೌಂಟರು ಬರುವುದೆಂದು ಇಬ್ಬರೂ ಒಪ್ಪಿಕೊಂಡರು. ಆಮೇಲೆ ಸ್ವಪ್ನಾ ದನಿ ತಗ್ಗಿಸಿ, ಅತ್ತೆಗೆ ಬೇಜಾರಾಗಬಹುದು ಅಂದಳು.

"ಅಮ್ಮಂಗೂ ಒಳ್ಳೇದೇ," ಅಂದ ಗೌರೀಶ. "ಆ ಬಾಗ್ಲಲ್ಲಿ ಕೂತು ಎಲ್ಲರ ಎಲೆ ನೋಡ್ತಿರ್ತಾಳಲ್ಲ, ಅದನ್ನ ನೋಡಿದ್ರೆ ನಂಗೆ ಅನ್ನ ಇಳಿಯಲ್ಲ."

ಗೋಡೆಯ ಈಚೆ ಕುರ್ಚಿಯಲ್ಲಿದ್ದ ಸರಸ್ವತಮ್ಮನಿಗೆ ಪ್ರತಿಯೊಂದು ಮಾತೂ ಕೇಳಿಸಿತು. ಲಕ್ವ ಹೊಡೆದದ್ದು ಕೈಗೆ, ಕಿವಿಗಲ್ಲ. ಮಗ ಹದಿನಾಲ್ಕು ತಿಂಗಳಿಂದ ನಿಂತುಕೊಂಡೇ ಉಣ್ಣುತ್ತಿದ್ದುದನ್ನು ಅವಳು ಗಮನಿಸಿದ್ದಳು. ಹೊತ್ತಿಲ್ಲ ಅನ್ನುತ್ತಿದ್ದ, ಅವಳೂ ನಂಬಿದ್ದಳು. ತನ್ನ ಮುಖ ನೋಡಲಾರದೆ ನಿಂತು ಉಣ್ಣುತ್ತಾನೆ ಅಂತ ಈಗ ಗೊತ್ತಾಗಿ ಅವಳಿಗೆ ಅಳು ಬಂತು. ಮರುದಿನ ಅವಳು ಕುರ್ಚಿಯನ್ನು ಎರಡು ಮೊಳ ಹಿಂದಕ್ಕೆ ಎಳೆಸಿಕೊಂಡಳು. ಗಾಳಿ ಹೊಡೆಯುತ್ತದೇನೋ ಅಂದುಕೊಂಡು ಸ್ವಪ್ನಾ ಶಾಲು ತಂದು ಹೊದೆಸಿದಳು.

ಅದೇ ಶನಿವಾರ ಮೊಮ್ಮಗಳು ಸೌಜನ್ಯ ಬಂದಳು. ಸಾಗರದ ಕಾಲೇಜಿನಲ್ಲಿ ಮೊದಲನೇ ವರ್ಷ, ಅಲ್ಲೇ ಹಾಸ್ಟೆಲ್ಲು. ಹೊಸನಗರದ ಮೇಲೆ ಬರುವ ಬಸ್ಸಿನಲ್ಲಿ ಎರಡೂವರೆ ತಾಸು ಕೂತು ಪ್ರತಿ ಶನಿವಾರ ಮನೆಗೆ ಬರುತ್ತಿದ್ದವಳು ಈ ಸಲ ಒಂದು ಹೊಸ ಸಬ್ಜೆಕ್ಟನ್ನೂ ಹೊತ್ತು ತಂದಿದ್ದಳು. ಡಿಸೈನ್ ಥಿಂಕಿಂಗ್ ಮತ್ತು ಇನೋವೇಷನ್. ಹಾಗಂದರೇನು ಅಂತ ಅಪ್ಪ ಕೇಳಿದ್ದಕ್ಕೆ ಅವಳು ವಿವರಿಸಿದಳು: ಯಾರದಾದರೂ ಒಂದು ಕಷ್ಟ ಹುಡುಕಬೇಕು, ಅವರ ಜಾಗದಲ್ಲಿ ನಿಂತು ಅದನ್ನು ನೋಡಬೇಕು, ಆಮೇಲೆ ಅದಕ್ಕೊಂದು ಹೊಸ ಉಪಾಯ ಮಾಡಿ ಅವರಿಗೆ ಕೊಡಬೇಕು. ಸರಿಹೋಗದಿದ್ದರೆ ಬೇಜಾರು ಮಾಡಿಕೊಳ್ಳದೆ ಮತ್ತೆ ಮಾಡಬೇಕು. ಇದಕ್ಕೂ ಒಂದು ಸಬ್ಜೆಕ್ಟಾ ಅಂತ ಗೌರೀಶ ನಕ್ಕ.

ಕಷ್ಟ ಹುಡುಕಲು ಅವಳು ದೂರ ಹೋಗಬೇಕಿರಲಿಲ್ಲ. ಅಜ್ಜಿಯ ಎದುರು ಸ್ಟೂಲು ಹಾಕಿಕೊಂಡು, ಹದಿನಾರು ಪ್ರಶ್ನೆ ಬರೆದ ನೋಟ್‌ಬುಕ್ಕು ತೆರೆದಳು. ದಿನದಲ್ಲಿ ನಿಮಗೆ ತುಂಬ ಕಷ್ಟವಾಗುವ ಕೆಲಸ ಯಾವುದು ಅನ್ನುವುದು ಮೊದಲನೆಯದು. ಹದಿನಾಲ್ಕು ತಿಂಗಳಲ್ಲಿ ಹೀಗೆ ಎದುರಿಗೆ ಕೂತು ಕೇಳಿದವರು ಇವಳೊಬ್ಬಳೇ. ಸರಸ್ವತಮ್ಮ ಬಾಯಿ ತೆರೆದು, ನಾಲಿಗೆಯನ್ನು ಸರಿಯಾದ ಜಾಗಕ್ಕೆ ತರುತ್ತಿದ್ದಳು.

"ಊಟ ಮಾಡದು ಅಂತ ಬರ್ಕಳೇ," ಅಂದಳು ಒಳಗಿನಿಂದ ಸ್ವಪ್ನಾ. "ಅದೇ ಕಷ್ಟ ಅವ್ರಿಗೆ."

"ಎಡಗೈ ಸರಿ ಇದೆ, ಅದನ್ನೂ ಬರ್ಕ," ಅಂದ ಗೌರೀಶ.

ಸೌಜನ್ಯ ಬರೆದುಕೊಂಡಳು. ಹದಿನಾರು ಪ್ರಶ್ನೆಗೂ ಉತ್ತರ ಸಿಕ್ಕಿತು. ಒಂಬತ್ತು ಅಪ್ಪನವು, ಏಳು ಅಮ್ಮನವು. ಸರಸ್ವತಮ್ಮ ತೆರೆದ ಬಾಯಿ ಮುಚ್ಚಿಕೊಂಡಳು.

ಮುಂದಿನ ಶನಿವಾರ ಮೊದಲನೇ ಚಮಚ ಬಂತು. ಎಡಗೈಗೆ ಸರಿಹೋಗುವಂತೆ ಕುತ್ತಿಗೆ ಬಗ್ಗಿಸಿ, ಹಿಡಿಗೆ ಸೈಕಲ್ ಹ್ಯಾಂಡಲಿನ ರಬ್ಬರು ತೊಡಿಸಿದ್ದು. ಸರಸ್ವತಮ್ಮ ಅದನ್ನು ತಿರುಗಿಸಿ ನೋಡಿ, ಜೋಪಾನವಾಗಿ ತಟ್ಟೆಯ ಪಕ್ಕ ಇಟ್ಟಳು. ಭಾರವಾಯಿತೇನೋ ಅಂದುಕೊಂಡು ಸೌಜನ್ಯ ಅದರ ಮುಂದಿನ ವಾರ ಹಗುರವಾದದ್ದು ತಂದಳು. ಅದೂ ತಟ್ಟೆಯ ಪಕ್ಕ ಕೂತಿತು. ಮೂರನೆಯದನ್ನು ಕಾಲೇಜಿನ ಹೊಸ ಮೆಷಿನ್ನಿನಲ್ಲಿ ಪ್ಲಾಸ್ಟಿಕ್ಕನ್ನು ಪದರ ಪದರವಾಗಿ ಕೂಡಿಸಿ ಮಾಡಿದ್ದಳು. ನೀಲಿ ಬಣ್ಣ. ಹಿಡಿಯ ಮೇಲೆ ಅಜ್ಜಿಯ ಹೆಸರನ್ನೂ ಮೂಡಿಸಿದ್ದಳು. ಅದಕ್ಕೂ ಅದೇ ಗತಿಯಾದಾಗ ಗೌರೀಶನ ಸಹನೆ ಮುಗಿಯಿತು.

"ಮಗು ವಾರವಾರ ಬಸ್ಸಲ್ಲಿ ಅಲ್ಲಾಡ್ಕಂಡು ಬಂದು ಮಾಡ್ಕೊಡ್ತದೆ. ಒಂದು ತುತ್ತು ತಿಂದು ತೋರ್ಸಕ್ಕೆ ನಿಂಗೆಂತ ಹಟ ಅಮ್ಮ?"

ಸರಸ್ವತಮ್ಮ ಉತ್ತರ ಹೇಳಲು ಹೊರಟಳು. ಅವಳು ಮೊದಲನೇ ಪದ ಹುಡುಕುವಷ್ಟರಲ್ಲಿ ಅವನು ಚಪ್ಪಲಿ ಮೆಟ್ಟಿಕೊಂಡು ಹೊರಟುಹೋಗಿದ್ದ. ಸೌಜನ್ಯ ಅಜ್ಜಿಯ ಮುಂದೆ ಕುಕ್ಕರುಗಾಲಲ್ಲಿ ಕೂತು, ಬುಧವಾರ ಸಬ್ಮಿಷನ್ನು ಇದೆ, ಬರೇ ಫೋಟೋಕ್ಕಾದರೂ ಹಿಡಿದುಕೋ ಅಂತ ಬೇಡಿಕೊಂಡಳು. ಮೊಮ್ಮಗಳ ಮುಖ ನೋಡಿ ಅವಳು ಹಿಡಿದುಕೊಂಡಳು. ನಗು ಅಂದಾಗ ನಕ್ಕಳು.

ಅದರ ಮುಂದಿನ ಶನಿವಾರ ಸೌಜನ್ಯ ಬರಿಗೈಯಲ್ಲಿ ಬಂದಳು, ಸಪ್ಪಗಿದ್ದಳು. ಎಷ್ಟು ಮಾರ್ಕ್ಸು ಅಂತ ಅಪ್ಪ ಕೇಳಿದ. ಐವತ್ತಕ್ಕೆ ನಲವತ್ತೇಳು, ಕ್ಲಾಸಿಗೇ ಹೆಚ್ಚು. ಬಳಸುವವರ ಮನಸ್ಸು ಅರಿತದ್ದಕ್ಕೆ ಅಂತಲೇ ಬೇರೆ ಕಾಲಂ ಇತ್ತಂತೆ, ಅದರಲ್ಲಿ ಹತ್ತಕ್ಕೆ ಹತ್ತು. ಗೌರೀಶ ಬೆನ್ನು ತಟ್ಟಿದ, ಸ್ವಪ್ನಾ ಪಾಯಸಕ್ಕೆ ಇಟ್ಟಳು. ಅಜ್ಜಿಗೆ ಕೂದಲು ಬಾಚುವಾಗ ಮಾತ್ರ ಸೌಜನ್ಯ ನಿಜ ಹೇಳಿದಳು. ಅಜ್ಜಿ ಈಗ ತಾವೇ ಉಣ್ತಾರಾ ಅಂತ ಮೇಡಮ್ಮು ಎಲ್ಲರೆದುರು ಕೇಳಿದರು, ತಾನು ಹೌದು ಅಂದುಬಿಟ್ಟೆ ಅಂತ. ಹೇಳಿ, ಅಜ್ಜಿಯ ಭುಜಕ್ಕೆ ಮುಖ ಒತ್ತಿಕೊಂಡು ಅತ್ತಳು. ಸರಸ್ವತಮ್ಮ ಎಡಗೈಯಿಂದ ಅವಳ ತಲೆ ಸವರಿದಳು. ಆ ಕೈ ಅದಕ್ಕೆಲ್ಲ ಚೆನ್ನಾಗಿ ಬರುತ್ತಿತ್ತು.

ಮಧ್ಯಾಹ್ನ ಸೌಜನ್ಯ ನೋಟ್‌ಬುಕ್ಕು ತೆಗೆಯಲಿಲ್ಲ. ಅಜ್ಜಿಯ ಕುರ್ಚಿಯ ಪಕ್ಕ ನೆಲದ ಮೇಲೆ ಕೂತಳು, ಮೊದಲನೇ ಪಂಕ್ತಿ ಶುರುವಾದಾಗಿನಿಂದ. ಹುಡುಗಿಗೆ ಬೇಜಾರಾಗಿದೆ, ಕೂತಿರಲಿ ಅಂತ ಯಾರೂ ಕರೆಯಲಿಲ್ಲ. ಸಾರಿನ ಹೊತ್ತಿಗೆ ಅವಳ ಕಣ್ಣು ಅಜ್ಜಿಯ ಮಡಿಲಿಗೆ ಹೋಯಿತು. ಸೆರಗಿನಡಿಯಲ್ಲಿ ಎಡಗೈ ಬಲಗೈಯ ಮಣಿಕಟ್ಟನ್ನು ಹಿಡಿದಿತ್ತು. ಸ್ವಪ್ನಾ ಅಲ್ಲಿ ಒಂದೊಂದು ಎಲೆಗೆ ಬಾಗಿದಾಗಲೂ ಇಲ್ಲಿ ಆ ಸತ್ತ ಕೈ ನಾಲ್ಕು ಬೆರಳಷ್ಟು ಮೇಲೆದ್ದು, ಸ್ವಲ್ಪ ಓರೆಯಾಗಿ, ಮತ್ತೆ ಕೆಳಗಿಳಿಯುತ್ತಿತ್ತು. ಹದಿನೈದು ಎಲೆಗೆ ಹದಿನಾರು ಸಲ. ಹೂವಯ್ಯನ ಎಲೆಗೆ ಎರಡು ಸಲ.

"ಅಜ್ಜಿ, ನಿನ್ನ ಕೈ ಎಂತ ಮಾಡ್ತಾ ಇದೆ?"

ಸರಸ್ವತಮ್ಮ ಕಳ್ಳತನದಲ್ಲಿ ಸಿಕ್ಕಿಬಿದ್ದವಳಂತೆ ಸೆರಗು ಎಳೆದುಕೊಂಡಳು. ಹುಳಿಯ ಪಾತ್ರೆ ಹಿಡಿದು ಹಾಯುತ್ತಿದ್ದ ಸ್ವಪ್ನಾ, ನೋವಿರಬೇಕು, ಎಣ್ಣೆ ಹಚ್ಚೇ ಅಂದಳು.

"ಅಮ್ಮಾ, ನೀನು ಹೇಳ್ಬೇಡ," ಅಂದಳು ಸೌಜನ್ಯ. "ಅಜ್ಜಿ ಹೇಳ್ಲಿ. ನಾನು ಕಾಯ್ತೀನಿ."

ಕಾದಳು. ಪಂಕ್ತಿ ಎದ್ದು ಹೋಯಿತು, ಎಲೆಗಳನ್ನು ತೆಗೆದದ್ದಾಯಿತು. ಕಾಯುವವರು ಎದುರಿಗಿದ್ದಾಗ ಮಾತು ಬರುವುದು ಇನ್ನೂ ಕಷ್ಟ ಅನ್ನುವುದು ಸರಸ್ವತಮ್ಮನಿಗೆ ಆಗ ತಿಳಿಯಿತು. ಇಷ್ಟು ದಿನ ಮಾತು ಮುಗಿಸುವ ಜವಾಬ್ದಾರಿಯೇ ಅವಳಿಗಿರಲಿಲ್ಲ.

"ಹೂವಯ್ಯಂಗೆ... ಸಾರು... ಸಾಲ್ಲಿಲ್ಲ." ಸ್ವಲ್ಪ ಹೊತ್ತು ಸುಧಾರಿಸಿಕೊಂಡಳು. "ನಾನು... ಹಾಕ್ದೆ."

ಸೌಜನ್ಯ ಖಾಲಿ ಡೆಸ್ಕನ್ನು ನೋಡಿದಳು, ಅಜ್ಜಿಯ ಮಡಿಲನ್ನು ನೋಡಿದಳು. ಬಡಿಸಬೇಕಾ ನಿಂಗೆ ಅಂತ ಕೇಳಿದಳು. ಸರಸ್ವತಮ್ಮನ ಕಣ್ಣಲ್ಲಿ ನೀರು ತುಂಬಿತು. ಹಾಗಿದ್ದರೆ ಎಡಗೈಯಲ್ಲಿ ಬಡಿಸಬಹುದಿತ್ತಲ್ಲ, ಹೇಳಿದ್ದರೆ ದಿನಾ ಬಡಿಸಬಹುದಿತ್ತಲ್ಲ ಅಂದಳು ಹುಡುಗಿ.

"ಎಡಗೈಲಿ ಅನ್ನ ಕೊಡ್ತಾರನೇ?"

ಆ ಮಾತು ಒಂದು ಕಡೆಯೂ ತಡವರಿಸದೆ ಬಂತು. ಸೌಜನ್ಯ ಬಾಯಿ ಮೇಲೆ ಕೈ ಇಟ್ಟುಕೊಂಡಳು. ಚಿಕ್ಕವಳಿದ್ದಾಗ ಎಡಗೈಯಲ್ಲಿ ಬಾಳೆಹಣ್ಣು ಕೊಟ್ಟದ್ದಕ್ಕೆ ಇದೇ ಅಜ್ಜಿಯಿಂದ ಕೈ ಮೇಲೆ ಏಟು ತಿಂದವಳು ಅವಳು. ಆ ಮನೆಯಲ್ಲಿ ಎಲ್ಲರೂ ಹಾಗೇ ಬೆಳೆದವರು. ಮೂರು ಚಮಚ ಮಾಡುವಾಗ ಅದು ಯಾರಿಗೂ ನೆನಪಾಗಿರಲಿಲ್ಲ.

ಸೋಮವಾರ ಅವಳು ಸಾಗರದ ಬಸ್ಸು ಹತ್ತಿದವಳು ಹೊಸನಗರದಲ್ಲಿ ಇಳಿದಳು. ಅಲ್ಲಿ ಕೆರಿಯಪ್ಪನ ಕುಲುಮೆ. ಕತ್ತಿ, ಗುದ್ದಲಿಗೆ ಹಿಡಿ ಹಾಕುವ ಅರವತ್ತರ ಮನುಷ್ಯ. ಜಾಗದ ತಕರಾರೊಂದಕ್ಕೆ ತೀರ್ಥಹಳ್ಳಿ ಕೋರ್ಟಿಗೆ ಏಳು ವರ್ಷ ಅಲೆದಿದ್ದ, ಅಷ್ಟೂ ದಿನ ಸರಸ್ವತಮ್ಮನ ಮೆಸ್ಸಿನಲ್ಲೇ ಉಂಡಿದ್ದ. ಕೇಸು ಸೋತೆ, ಆದರೆ ಮೈ ಇಳಿಯಲಿಲ್ಲ ಅಂತ ಅವನೇ ಹೇಳಿಕೊಂಡು ನಗುವುದಿತ್ತು. ಎಲ್ಲ ಕೇಳಿ ಅವನು ಅವರ ಹಳೇ ಸೌಟು ತಂದುಕೊಡಿ ಅಂದ.

"ನಲವತ್ತು ವರ್ಷ ಹಿಡಿ ಹಾಕಿದೀನಿ ಕಣಮ್ಮ. ಯಾವ ಕೈ ಗಟ್ಟಿ ಅಂತ ನಾನು ಕೇಳಲ್ಲ, ಯಾವ ಕೈಲಿ ಕೆಲ್ಸ ಮಾಡ್ತೀರಿ ಅಂತ ಕೇಳದು," ಅಂದ.

ಅವನು ಮಾಡಿದ ಮೊದಲನೆಯದು ಹಳೇ ಹಿತ್ತಾಳೆ ಸೌಟಿಗೇ ಸರಳು ಬೆಸೆದು, ಬಲಗೈಯ ಮಣಿಕಟ್ಟಿಗೆ ಕಟ್ಟಿಕೊಳ್ಳಲು ಪಟ್ಟಿ ಹಾಕಿದ್ದು. ಚರ್ಮದ ಪಟ್ಟಿ ಅವರ ಮನೆಯ ಅಡಿಗೆಗೆ ಆಗಿಬರುವುದಿಲ್ಲ ಅಂತ ಅವನಿಗೇ ಹೊಳೆದು ಕಿತ್ತು ಹಾಕಿದ, ಬಟ್ಟೆಯದು ನೀವೇ ಹೊಲಿಸಿಕೊಳ್ಳಿ ಅಂದ. ಹೊಲಿಯಬೇಕಾದವಳು ಸ್ವಪ್ನಾ. ಅವಳು ಮೊದಲು ಹರಿಹಾಯ್ದಳು.

"ಬಡ್ಸಕ್ಕೆ ಹೋಗಿ ಬಿದ್ದು ಸೊಂಟ ಮುರ್ಕಂಡ್ರೆ ನೋಡೋರು ಯಾರು? ನಾನೇ ಅಲ್ವಾ? ನೀನು ಸೋಮವಾರ ಬಸ್ಸು ಹತ್ತೋಳು."

ಸೌಜನ್ಯ ವಾದ ಮಾಡಲಿಲ್ಲ. ಹಿತ್ತಿಲ ಜಗುಲಿಯಲ್ಲಿ ಎಲೆ ಹಾಸಿ, ಬೋಗುಣಿಯಲ್ಲಿ ನೀರು ಇಟ್ಟು, ಟವೆಲಿನಿಂದಲೇ ಸೌಟನ್ನು ಅಜ್ಜಿಯ ಕೈಗೆ ಸುತ್ತಿದಳು. ಸೌಟು ಏಳಲೇ ಇಲ್ಲ. ಎರಡನೇ ಸಲ ಎದ್ದು, ನೀರೆಲ್ಲ ಸೌಜನ್ಯಳ ಕಾಲ ಮೇಲೆ ಬಿತ್ತು. ಅಜ್ಜಿ ಮೊಮ್ಮಗಳು ಇಬ್ಬರೂ ನಕ್ಕರು. ಆ ಮನೆಯಲ್ಲಿ ಸರಸ್ವತಮ್ಮನ ನಗು ಕೇಳಿ ಎಷ್ಟು ಕಾಲವಾಗಿತ್ತೋ, ಸ್ವಪ್ನಾ ಒಲೆ ಸಣ್ಣ ಮಾಡಿ ಬಾಗಿಲಿಗೆ ಬಂದು ನಿಂತಳು.

"ಚಿಪ್ಪು," ಅಂದಳು ಸರಸ್ವತಮ್ಮ. ಸೌಜನ್ಯ ಮುಂದಿನ ಪದಕ್ಕೆ ಕಾದಳು. "ತೆಂಗಿನ... ಚಿಪ್ಪು. ಹಗೂರ."

ಕೆರಿಯಪ್ಪ ಹಿತ್ತಾಳೆ ಬಿಟ್ಟು ಚಿಪ್ಪಿನ ಸೌಟು ಮಾಡಿದ, ಬಿದಿರಿನ ಹಿಡಿ. ಅದು ಎತ್ತಲು ಬಂತು, ಸುರಿಯಲು ಬರಲಿಲ್ಲ. ಮೊಣಕೈ ಓರೆಯಾಗುವುದು ಸ್ವಲ್ಪವೇ, ಅಷ್ಟಕ್ಕೇ ಸುರಿಯಬೇಕಾದರೆ ಸೌಟಿನ ಕುತ್ತಿಗೆ ತಿರುಚಿರಬೇಕು ಅಂತ ಸೌಜನ್ಯ ಲೆಕ್ಕ ಹಾಕಿದಳು. ತಿರುಚಿದ್ದು ಬೇಗ ಸುರಿಯಿತು, ಎಲೆ ತಲುಪುವ ಮೊದಲೇ. ಮತ್ತೆ ಹೊಸನಗರ, ಮತ್ತೆ ತೀರ್ಥಹಳ್ಳಿ. ಸಬ್ಮಿಷನ್ನು ಮುಗಿದುಹೋಗಿತ್ತು, ಇದಕ್ಕೆ ಯಾರೂ ಮಾರ್ಕ್ಸು ಕೊಡುತ್ತಿರಲಿಲ್ಲ. ಒಂದು ಶನಿವಾರ ಬಂದು ನೋಡಿದರೆ ಅಜ್ಜಿಯ ಮಂಚದ ಮೇಲೆ ಹಳೇ ಇಳಕಲ್ ಸೀರೆಯ ಅಂಚಿನಿಂದ ಹೊಲಿದ ಪಟ್ಟಿ ಇತ್ತು, ಒಳಗೆ ಮೆತ್ತನೆಯ ಪಂಚೆ ಬಟ್ಟೆ ಕೊಟ್ಟು ನಾಲ್ಕು ಕಡೆ ಲಾಡಿ ಇಟ್ಟದ್ದು. ಹೊಲಿದವಳು ತಾನಲ್ಲವೇನೋ ಎಂಬಂತೆ ಸ್ವಪ್ನಾ ಬೀನ್ಸು ಹೆಚ್ಚುತ್ತಿದ್ದಳು.

"ಮದ್ವೆ ಆಗಿ ಬಂದ ಹೊಸದ್ರಲ್ಲಿ ಎರಡ್ನೇ ಸಲ ಕೇಳಕ್ಕೆ ನಾಚ್ಕೆ ಆಗ್ತಿತ್ತು ನಂಗೆ," ಅಂದಳು, ಹೆಚ್ಚುತ್ತಲೇ. "ಅತ್ತೆ ಒಂದು ದಿನಾನೂ ಕೇಳಿಸ್ಲಿಲ್ಲ. ಹಾಕೇ ಬಿಡೋರು."

ಸರಸ್ವತಮ್ಮ ಮುಖ ತಿರುಗಿಸಿ ಕಿಟಕಿ ನೋಡಿದಳು. ಸೊಸೆಗೆ ಅದು ಗೊತ್ತಾಗಿದೆ ಅಂತ ಇಪ್ಪತ್ತೆರಡು ವರ್ಷದಲ್ಲಿ ಅವಳಿಗೆ ಗೊತ್ತಾಗಿರಲಿಲ್ಲ.

ದೀಪಾವಳಿ ಬಂತು, ಹೋಯಿತು. ಸೋಮವಾರ ಬೆಳಿಗ್ಗೆ ಟೆಂಪೋದಲ್ಲಿ ಕೌಂಟರು ಬಂದಿಳಿಯಿತು. ಬೆಂಚುಗಳನ್ನು ಒಂದರ ಮೇಲೊಂದು ಪೇರಿಸಿ ಮೂಲೆಗೆ ತಳ್ಳಿದರು, ಡೆಸ್ಕುಗಳ ಜಾಗಕ್ಕೆ ಎತ್ತರದ ನಾಲ್ಕು ಮೇಜು ಬಂದವು. ಹನ್ನೆರಡೂವರೆಗೆ ಜನ ತಟ್ಟೆ ಹಿಡಿದು ಸಾಲು ನಿಂತರು. ಹೂವಯ್ಯ ಅಂದಾಜು ತಪ್ಪಿ ಒಂದು ರಾಶಿ ಅನ್ನ ಹಾಕಿಕೊಂಡು, ಗಡಿಯಾರ ನೋಡಿ ಅರ್ಧ ಬಿಟ್ಟು ಓಡಿದ. ಹೊಸದಾಗಿ ಸೇರಿದ ತೆಳ್ಳಗಿನ ಹುಡುಗನೊಬ್ಬ ಎಲ್ಲರೂ ನೋಡುತ್ತಾರೆ ಅಂತ ಎರಡು ಚಮಚ ಅನ್ನಕ್ಕೇ ಮುಂದೆ ಸರಿದ. ಅವನ ಹಸಿವು ಕುರ್ಚಿಯಲ್ಲಿದ್ದ ಸರಸ್ವತಮ್ಮನಿಗೆ ಗೋಡೆಯ ಮೇಲೆ ಬರೆದಷ್ಟು ಸ್ಪಷ್ಟವಾಗಿ ಕಂಡಿತು. ಅವನು ಕೈ ತೊಳೆದು ಹೋಗುವವರೆಗೂ ನೋಡಿದಳು.

ಆದರೆ ಒಂದೂವರೆಗೆ ಸ್ವಪ್ನಾ ಕುರ್ಚಿಯೊಂದನ್ನು ಎಳೆದುಕೊಂಡು ಅತ್ತೆಯ ಪಕ್ಕ ಕೂತು ಉಂಡಳು. ಬಿಸಿ ಅನ್ನ, ಕೂತು, ನಿಧಾನವಾಗಿ. ಸೊಸೆ ಹಾಗೆ ಉಂಡದ್ದನ್ನು ಸರಸ್ವತಮ್ಮ ತಾನು ಕುರ್ಚಿ ಹಿಡಿದಾಗಿನಿಂದ ನೋಡಿರಲಿಲ್ಲ. ಕೌಂಟರು ಬೇಡ ಅಂತ ಇನ್ನು ಅವಳು ಯಾವ ಬಾಯಿಂದ ಹೇಳಿಯಾಳು? ಕೆರಿಯಪ್ಪನ ಐದನೇ ಸೌಟು ಗುರುವಾರ ಬಸ್ಸಿನ ಮೇಲೆ ಬಂತು, ಹೂವಯ್ಯನೇ ತಂದುಕೊಟ್ಟ. ಜಗುಲಿಯಲ್ಲಿ ನೀರು ಹಾಕಿ ನೋಡಿದರೆ ಸರಿಯಾಗಿತ್ತು. ಸೌಟು ಬರುವ ಹೊತ್ತಿಗೆ ಎಲೆಗಳ ಸಾಲೇ ಇರಲಿಲ್ಲ. ಅದನ್ನು ದಿಂಬಿನ ಪಕ್ಕ ಇಟ್ಟುಕೊಂಡು ಮಲಗಿದಳು.

ಭಾನುವಾರ ಮೆಸ್ಸಿಗೆ ರಜೆ. ಸೌಜನ್ಯ ಬೆಳಿಗ್ಗೆಯೇ ಮೂಲೆಯ ರಾಶಿಯಿಂದ ಒಂದು ಬೆಂಚು, ಒಂದು ಡೆಸ್ಕು ಎಳೆದು ಹಾಲಿನ ನಡುವೆ ಹಾಕಿದಳು. ತೋಟದವರಿಂದ ಎಲೆ ತಂದಳು. ಹೊಸನಗರದಿಂದ ಕೆರಿಯಪ್ಪ ಬಂದ, ಹಿಡಿ ಹೇಗೆ ಕೂತಿದೆ ನೋಡಬೇಕು ಅಂತ, ಒಗೆದ ಅಂಗಿ ತೊಟ್ಟು. ಸ್ವಪ್ನಾ ಒಂದೆಲಗದ ತಂಬುಳಿ ಮಾಡಿದ್ದಳು. ಅನ್ನ, ಪಲ್ಯ ಬಡಿಸಿಟ್ಟು ತಾನೂ ಒಂದು ಎಲೆಯ ಮುಂದೆ ಕೂತಳು. ಮೂರನೇ ಎಲೆ ಗೌರೀಶನದು. ಅವನು ಬಾಗಿಲಲ್ಲಿ ನಿಂತು, ನೀವು ಉಣ್ಣಿ, ನನಗೆ ಆಮೇಲೆ ಅಂದ.

"ಕೂತ್ಕಳಿ," ಅಂದಳು ಸ್ವಪ್ನಾ.

ಅವನು ಹೆಂಡತಿಯನ್ನು ನೋಡಿದ, ಅಮ್ಮನನ್ನು ನೋಡಲಿಲ್ಲ, ಬಂದು ಕೂತ.

ಸೌಜನ್ಯ ಲಾಡಿಗಳನ್ನು ಕಟ್ಟಿದಳು. ತಂಬುಳಿಯ ಪಾತ್ರೆಯನ್ನು ತಾನು ಹಿಡಿದುಕೊಂಡಳು. ಸರಸ್ವತಮ್ಮ ಕಾಲು ಎಳೆಯುತ್ತ ಹೆಜ್ಜೆ ಇಟ್ಟಳು. ಎಡಗೈ ಕೆಳಗಿನಿಂದ ಬಲಗೈಯನ್ನು ಎತ್ತಿ ಹಿಡಿದಿತ್ತು, ಬಲಗೈ ಸೌಟನ್ನು ಹಿಡಿದಿತ್ತು. ಮೊದಲು ಕೆರಿಯಪ್ಪ, ಬಂದವನು ಅಂತ. ಸೌಟು ಮುಳುಗಿ, ಎದ್ದು, ನಡುಗುತ್ತ ಬಂದು, ಓರೆಯಾಯಿತು. ಒಂದಿಷ್ಟು ಡೆಸ್ಕಿನ ಮೇಲೆ, ಉಳಿದದ್ದು ಅನ್ನದ ಮೇಲೆ. ಕೆರಿಯಪ್ಪ ಹಿಡಿಯನ್ನು ನೋಡುವುದು ಬಿಟ್ಟು ಎಲೆಯನ್ನು ನೋಡುತ್ತ ಕೂತ. ಸ್ವಪ್ನಾಳ ಎಲೆಗೆ ಹೆಚ್ಚು ಸರಿಯಾಗಿ ಬಿತ್ತು. ಅವಳು ತಲೆ ಎತ್ತದೆ ಕಲಸಿದಳು.

ಗೌರೀಶನ ಎಲೆಗೆ ಬರುವಷ್ಟರಲ್ಲಿ ತೋಳು ಸೋತಿತ್ತು. ಸೌಟು ಗಡಗಡ ಅಲ್ಲಾಡುತ್ತಿತ್ತು. ಹಣೆಯಲ್ಲಿ ಬೆವರು. ಅವನಿಗೆ ನೋಡಲಾಗಲಿಲ್ಲ, ಎಲೆಗೆ ಕೈ ಅಡ್ಡ ಹಿಡಿದ.

"ಸಾಕಮ್ಮ. ನಂಗೆ ಬೇಡ. ಕೈ ನೋಯುತ್ತೆ ನಿಂಗೆ."

ಸರಸ್ವತಮ್ಮ ಆ ಕೈಯನ್ನು ನೋಡಿದಳು. ಮೂವತ್ತೊಂದು ವರ್ಷದಲ್ಲಿ ಅವಳು ಎಲೆಗೆ ಅಡ್ಡ ಬಂದ ಒಂದು ಕೈಯನ್ನೂ ನಂಬಿದವಳಲ್ಲ. ಮೊಣಕೈ ಓರೆ ಮಾಡಿದಳು. ತಂಬುಳಿ ತಣ್ಣಗೆ ಅವನ ಕೈಯ ಮೇಲೆ ಬಿದ್ದು, ಬೆರಳ ಸಂದಿಯಿಂದ ಇಳಿದು ಅನ್ನ ಸೇರಿತು.

ಗೌರೀಶ ಅದೇ ಒದ್ದೆ ಕೈಯಿಂದ ಕಲಸಿ ಉಂಡ. ಅವನ ಕಣ್ಣು ಒದ್ದೆಯಾದದ್ದನ್ನು ನೋಡಿಯೂ ಸ್ವಪ್ನಾ ನೋಡದವಳಂತೆ ಚೆಲ್ಲಿದ್ದನ್ನು ಒರೆಸಿದಳು. ಸರಸ್ವತಮ್ಮ ಅಲ್ಲೇ ನಿಂತು ಬೆಂಚಿನ ಆ ತುದಿಯವರೆಗೂ ನೋಡಿದಳು. ಮೂರು ಎಲೆ, ಅದರಾಚೆ ಬರೀ ಹಲಗೆ. ಹೂವಯ್ಯ ಕೂರುತ್ತಿದ್ದ ಜಾಗ, ಮೇಷ್ಟ್ರುಗಳ ಜಾಗ, ಆ ತೆಳ್ಳಗಿನ ಹುಡುಗ ಕೂರಬಹುದಾಗಿದ್ದ ಜಾಗ. ಇನ್ನೂ ಹನ್ನೆರಡು ಎಲೆಗೆ ಅವಳ ಮನಸ್ಸು ಬಾಗುತ್ತಲೇ ಇತ್ತು, ಪಾತ್ರೆಯಲ್ಲಿ ತಂಬುಳಿಯೂ ಬೇಕಾದಷ್ಟಿತ್ತು.

ಪಾತ್ರೆ ಒಳಗಿಡಲಾ ಅಂತ ಸೌಜನ್ಯ ಕೇಳಿದಳು, ಕೇಳಿ ಉತ್ತರಕ್ಕೆ ಕಾದಳು. ಸರಸ್ವತಮ್ಮ ಇನ್ನೂ ಬಾಯಿ ತೆರೆದಿರಲಿಲ್ಲ. ಗೌರೀಶನ ಎಲೆಯಲ್ಲಿ ಅನ್ನ ಮುಗಿದಿತ್ತು. ಅವನು ಎದ್ದು ಹೋಗಲಿಲ್ಲ. ಡಬರಿಯಿಂದ ತಾನೇ ಇನ್ನೊಂದಿಷ್ಟು ಅನ್ನ ಹಾಕಿಕೊಂಡ. ಯಾರೂ ಏನೂ ಹಾಕಲು ಬಂದಿರಲಿಲ್ಲ. ಆದರೂ ಅವನು ತಲೆ ತಗ್ಗಿಸಿ, ಎಲೆಯ ಮೇಲೆ ಕೈ ಅಡ್ಡ ಹಿಡಿದುಕೊಂಡು ಕೂತ.